ಗಿಳಿ ಪಂಜರದ ಬೂದು ಕಲೆ

ಸಹಕಾರನಗರದ ಬಿಲ್ಡರ್ ಅನಂತರಾಜು ಬೆಳಗ್ಗೆ ವರಾಂಡಕ್ಕೆ ಬಂದಾಗ ಗಿಳಿ ಮಾಯವಾಗಿತ್ತು. ಬೀಗ ಹಾಕಿದಂತೆಯೇ ಇತ್ತು, ಬೀಗದ ಕೈ ಅವರ ಬಳಿಯೇ ಇತ್ತು. ಪಂಜರದ ಸರಳುಗಳು ಮಾತ್ರ ಮುರಿದು ಬಿದ್ದಿದ್ದವು. 'ಪಾಪ, ಬಿಟ್ಬಿಡಿ ಸಾರ್' ಎಂದು ಹಿಂದೊಮ್ಮೆ ಹೇಳಿದ್ದ ಡ್ರೈವರ್ ವಾಜಿದ್ ಮೇಲೆಯೇ ಅವರ ಅನುಮಾನ. ಕಾರಿನ ಕೀ ಕಿತ್ತುಕೊಂಡು, ಕೆಲಸ ಬಿಡು ಎಂದುಬಿಟ್ಟರು.

ಅವರ ತಾಯಿ ಲಕ್ಷ್ಮಿದೇವಮ್ಮ ಎದುರುಮನೆಯ ಪದ್ಮಶ್ರೀಗೆ ಹೇಳಿಕಳಿಸಿದರು. ನಿವೃತ್ತ ಕೆಮಿಸ್ಟ್ರಿ ಲೆಕ್ಚರರ್ ಆದ ಪದ್ಮಶ್ರೀ ಬಡಾವಣೆಯ ಎಂಥ ಒಗಟನ್ನಾದರೂ ಬಿಡಿಸುವವರು. ಅವರ ಮಹಡಿಯ ಬಾಡಿಗೆದಾರಳು, ಧಾರವಾಡದ ಪ್ರತಿಭಾ ಎಂದಿನಂತೆ ಜೊತೆಗೆ ಹೊರಟಳು. ವರಾಂಡದ ಮೂಲೆಯಲ್ಲಿ ವಾಜಿದ್ ಬಾಡಿದ ಮುಖದಲ್ಲಿ ನಿಂತಿದ್ದ.

ಪ್ರತಿಭಾ ಪಂಜರದ ಸರಳನ್ನು ಮುಟ್ಟಿದಳು. ಅದು ಬಿಸ್ಕತ್ತಿನಂತೆ ಪುಡಿಯಾಗಿ ಬೆರಳಿಗೆ ಬೂದು ಕಲೆ ಹತ್ತಿತು.

"ಗರಗಸದ ಗುರುತಽ ಇಲ್ಲಲ್ರೀ, ಮೇಡಂ."

"ನಯನಾ ಊಟದ ಡಬ್ಬಿ ಮುಚ್ಚಳಾನೂ ಇಂಗೇ ಪುಡಿಯಾಯ್ತು ಕಣವ್ವಾ," ಎಂದರು ಲಕ್ಷ್ಮಿದೇವಮ್ಮ. "ಈಗಿನ್ ಸಾಮಾನೇ ಇಷ್ಟು."

ಕೆಮಿಸ್ಟ್ರಿ ಎಂಎಸ್ಸಿ ಓದುತ್ತಿದ್ದ ಮೊಮ್ಮಗಳು ನಯನಾ ಕಾಫಿ ತಟ್ಟೆ ಹಿಡಿದು ಬಂದವಳು ಅಲ್ಲೇ ನಿಂತಳು. ಪದ್ಮಶ್ರೀ ನಕ್ಕು ಎಲ್ಲರನ್ನೂ ಕೂರಿಸಿದರು.

"ಬೀಗ ಉಕ್ಕಿಂದು, ಅದಕ್ಕೇನೂ ಆಗಿಲ್ಲ. ಸರಳು, ಮುಚ್ಚಳ ಎರಡೂ ಅಲ್ಯೂಮಿನಿಯಂ. ಮೂಲವಸ್ತುಗಳ ಪಟ್ಟೀಲಿ ಅದರ ಮೇಲಿರೋ ಬೋರಾನ್ ಲೋಹವೇ ಅಲ್ಲ. ಅಲ್ಯೂಮಿನಿಯಂ ಪಕ್ಕಾ ಲೋಹ. ಕೆಳಗಿಳಿದಂತೆ ಪರಮಾಣು ದೊಡ್ಡದಾಗಿ, ಹೊರಗಿನ ಎಲೆಕ್ಟ್ರಾನ್ ಮೇಲೆ ಹಿಡಿತ ಸಡಿಲವಾಗಿ, ಲೋಹಗುಣ ಸಾಮಾನ್ಯವಾಗಿ ಹೆಚ್ಚುತ್ತೆ. ಅಲ್ಯೂಮಿನಿಯಂ ಕೆಳಗಡೆ ಮನೆ ಗ್ಯಾಲಿಯಂದು. ಅದು ಆ ಲೆಕ್ಕಕ್ಕೆ ಪೂರ್ತಿ ಬಗ್ಗಲ್ಲ. ಅಂಗೈಲಿಟ್ರೆ ತುಪ್ಪದ ಹಾಗೆ ಕರಗುತ್ತೆ. ಅಲ್ಯೂಮಿನಿಯಂ ಮೇಲ್ಪದರ ಕೆರೆದು ಇದನ್ನ ಹಚ್ಚಿದ್ರೆ ಒಳಗೆ ಇಳಿದು ಪುಡಿ ಮಾಡುತ್ತೆ. ಇದು ಮಾಮೂಲಿ ಅಂಗಡೀಲಿ ಸಿಗಲ್ಲ, ಕಾಲೇಜು ಲ್ಯಾಬಲ್ಲಿ ಸಿಗುತ್ತೆ. ಹಚ್ಚಿದವರು ಮೊದಲು ಒಂದು ಮುಚ್ಚಳದ ಮೇಲೆ ಪರೀಕ್ಷೆ ಮಾಡಿದಾರೆ. ಯಾರ ಮುಚ್ಚಳ ಅಂತ ಅಜ್ಜಿ ಹೇಳಿದ್ರಲ್ಲ."

ನಯನಾ ತಟ್ಟೆ ಕೆಳಗಿಟ್ಟಳು. "ಗಿಳೀನ ಬಿಟ್ಟಿದ್ದು ನಾನೇ, ಅಪ್ಪಾ. ವಾಜಿದಣ್ಣನ ಮೇಲೆ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಹೇಳೋಕೆ ಧೈರ್ಯ ಬರ್ಲಿಲ್ಲ."

"ನನ್ನನ್ನ ಕೇಳ್ಬಹುದಿತ್ತಲ್ಲಮ್ಮಾ," ಎಂದರು ಅನಂತರಾಜು.

"ಬಿಟ್ಬಿಡಿ ಅಂತ ಎಷ್ಟು ಸಲ ಕೇಳ್ದೆ. ಗಿಳಿ ಸಾಕೋದು ಕಾನೂನಿಗೂ ವಿರುದ್ಧ ಅಂದೆ. ನೀವು ಫೋನಲ್ಲೇ ಇದ್ರಿ."

ಲಕ್ಷ್ಮಿದೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಅನಂತರಾಜು ಕಾರಿನ ಕೀ ತೆಗೆದು ವಾಜಿದ್ ಕೈಗಿಟ್ಟರು.

"ತಪ್ಪಾಯ್ತು ಕಣಪ್ಪಾ. ಕೂತ್ಕೊ, ಮೊದಲು ಕಾಫಿ ಕುಡಿ."

ವಾಜಿದ್ ಲೋಟ ತೆಗೆದುಕೊಂಡ. "ಸಾರ್, ಸಕ್ಕರೆ ಸ್ವಲ್ಪ ಜಾಸ್ತಿ ಬೇಕು," ಎಂದ. ಸಕ್ಕರೆ ತರಲು ಅನಂತರಾಜು ತಾವೇ ಒಳಗೆ ಹೋದರು.