ಹತ್ತು ಲಕ್ಷದ ಮೂರು

ಗಂಜಿ ಕುಡಿದ ಹಸಿ ನೂಲಿನ ಹುಳಿ ವಾಸನೆ. ಬಾಲ್ಯದಲ್ಲಿ, ಬನಹಟ್ಟಿಯ ಅಜ್ಜಿಯ ಮನೆಯಲ್ಲಿ, ನಾನು ಆ ವಾಸನೆಯಲ್ಲೇ ಮಲಗಿ ಏಳುತ್ತಿದ್ದೆ. 2004ರ ಒಂದು ಮಬ್ಬು ಬೆಳಿಗ್ಗೆ ಗುರುಪಾದ ಮಾಸ್ತರರ ಹೊಸ್ತಿಲಲ್ಲಿ ಅದೇ ವಾಸನೆ ಎದುರಾಯಿತು. ಮಾಸ್ತರರ ಹೆಣ ಹಿತ್ತಲ ಬಾವಿಯಲ್ಲಿ ಸಿಕ್ಕಿತ್ತು.

"ಅಕ್ಕೋರ, ನಮ್ಮಣ್ಣ ತಾನಾಗಿ ಬಾವಿಗೆ ಬೀಳಾಂವ ಅಲ್ರಿ," ಎಂದು ಅವರ ತಂಗಿ ಅನಸವ್ವ ಯಶೋಧರಾಳ ಕೈ ಹಿಡಿದಳು. "ಓಣ್ಯಾಗ ಬಾಯಿಗೊಂದು ಮಾತಾಡ್ತಾರ. ಆ ಕೆಟ್ಟ ಹೆಸರು ಅಳಿಸ್ರಿ."

ಜಮಖಂಡಿ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಯಶೋಧರಾ ಇಂಥ ಗಂಟುಗಳನ್ನು ಬಿಡಿಸುತ್ತಿದ್ದಳು, ನಾನು ಜೊತೆಗಿರುತ್ತಿದ್ದೆ.

ಬಾಗಿಲ ಮೇಲೆ ಮಾಸ್ತರರು ಬಣ್ಣದಲ್ಲಿ ಬರೆಸಿದ್ದರು: 10,00,003. ಒಂದನ್ನೂ ತನ್ನನ್ನೂ ಬಿಟ್ಟರೆ ಯಾವುದರಿಂದಲೂ ಒಡೆಯದ ಸಂಖ್ಯೆ. ಕೈಲೆಕ್ಕದಲ್ಲೇ ಅವರು ಅದನ್ನು ಸಾಧಿಸಿದ್ದರು. ಕೆಳಗೆ ಗೋಡೆಯ ಮೇಲೆ ಇದ್ದಿಲಿನ ಬರಹ: 'ಮೂರರಿಂದ ಒಡೆಯಿತು. ನನ್ನ ಬಾಳೇ ಸುಳ್ಳು.' ಆತ್ಮಹತ್ಯೆ ಎನ್ನಲು ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಆ ಸಂಜೆ ಮಾಸ್ತರರ ಬಳಿ ಬಂದುಹೋದವರು ಇಬ್ಬರೇ. ಅವರೊಡನೆ ಜಗಳವಾಡಿದ್ದ ಶಿಷ್ಯ, ಗಣಿತದ ಉಪನ್ಯಾಸಕ ಬಾಳಾಸಾಹೇಬ. ಅದೇ ಮನೆಯಲ್ಲಿ ಮಗ್ಗ ನಡೆಸುತ್ತಿದ್ದ ಅನಸವ್ವನ ಮಗ ದುಂಡೇಶ.

ದುಂಡೇಶ ನಮಗೆ ಚಹಾ ತಂದುಕೊಟ್ಟ. ಯಶೋಧರಾ ಮಗ್ಗದ ನೂಲು ಸವರಿದಳು. "ಇಷ್ಟು ಎಳಿ ಮೂರು ಬಣ್ಣಕ್ಕ ಸಮಾ ಬರ್ತಾವೋ ಇಲ್ಲೋ, ಹೆಂಗ ತಿಳೀತೈತಿ?"

"ತುಂಬಿದ ಕಟ್ಟು ಎಣಸೂದ ಬ್ಯಾಡ್ರಿ. ಒಂದೊಂದಕ್ಕ ನೂರಾ ಇಪ್ಪತ್ತು ಎಳಿ. ಬಾಲಕ್ಕ ಉಳಿದದ್ದಷ್ಟ ನೋಡಿದ್ರ ಆತು."

ಆ ಮಾತು ಕೇಳಿದ ಮೇಲೆ ಯಶೋಧರಾ ಚಹಾ ಮುಟ್ಟಲಿಲ್ಲ.

ಸಂಜೆ ಪೊಲೀಸ್ ಫೌಜದಾರರ ಎದುರಿಗೆ ಎಲ್ಲರೂ ಸೇರಿದರು. ಬಾಳಾಸಾಹೇಬ ಬೆವರುತ್ತಿದ್ದ.

"ಹತ್ತು ಲಕ್ಷದ ಮೂರರ ಅಂಕಿ ಕೂಡಿಸಿದ್ರ ನಾಕು," ಎಂದಳು ಯಶೋಧರಾ. "ನಾಕು ಮೂರರಿಂದ ಒಡ್ಯೂದಿಲ್ಲ, ಅದಕ್ಕ ಈ ಸಂಖ್ಯೆನೂ ಒಡ್ಯೂದಿಲ್ಲ. ಸಾಯೂ ಹೊತ್ತಿನ್ಯಾಗೂ ಮಾಸ್ತರರು ಹಿಂಗ ತಪ್ಪತಿದ್ದಿಲ್ಲ. ಬಾಳಾಸಾಹೇಬನೂ ತಪ್ಪತಿದ್ದಿಲ್ಲ."

"ಮತ್ತ ಯಾರ ಬರದ್ರು?" ಎಂದರು ಫೌಜದಾರರು.

"ಹತ್ತು ಲಕ್ಷವನ್ನ ತುಂಬಿದ ಕಟ್ಟು ಅಂತ ಬದಿಗಿಟ್ಟು, ಬಾಲದ ಮೂರನ್ನಷ್ಟ ನೋಡಿದಾಂವ. ಮಗ್ಗದಾಗ ಆ ಲೆಕ್ಕ ಖರೆ. ನೂರಾ ಇಪ್ಪತ್ತು ಮೂರಕ್ಕ ಸಮಾ ಹೋಗ್ತೈತಿ. ಹತ್ತು ಲಕ್ಷ ಹೋಗೂದಿಲ್ಲ. ಒಂದು ಉಳೀತೈತಿ, ದುಂಡೇಶ."

ಅವನು ನೆಲ ನೋಡಿದ. "ಮಗ್ಗದ ಮನಿ ಮಾರಾಕ ಮಾಮಾ ಒಲ್ಲೆ ಅಂದ. ಸಿಟ್ಟಿಲೆ ದಬ್ಬಿದೆ. ಬಾವಿ ಕಟ್ಟಿ ಗಿಡ್ಡ ಐತಂತ ನೆನಪಾಗಲಿಲ್ರಿ..."

ಅಣ್ಣನ ಹೆಸರು ಉಳಿದಿತ್ತು. ಅನಸವ್ವ ಒಳಗೆ ಹೋದಳು. ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಫೌಜದಾರರು ಅವಸರ ಮಾಡಲಿಲ್ಲ. ಜೀಪಿನ ಬಳಿ ಬೆನ್ನು ತಿರುಗಿಸಿ ನಿಂತರು.

ಅವಳು ಹೊರಬಂದು, ಬಿಸಿ ರೊಟ್ಟಿ ಪಲ್ಯ ಕಟ್ಟಿದ ಗಂಟನ್ನು ಜೀಪಿನಲ್ಲಿ ಕೂತ ಮಗನ ಮಡಿಲಲ್ಲಿಟ್ಟಳು.