ರೇಡಿಯೋದಲ್ಲಿ ಅಮ್ಮನ ಕೂಗು

"ದೀಪ ಆರಿಸೇ ಇಂಗಾ. ಕೊಲೆಗಾರ ಬರೋ ಹೊತ್ತಾಯ್ತು," ಅಂದಳು ಅಜ್ಜಿ, ಕುರ್ಚಿಯನ್ನು ರೇಡಿಯೋ ಪಕ್ಕಕ್ಕೆ ಎಳೆದುಕೊಳ್ಳುತ್ತಾ.

ಇಂಗಾ ದೀಪ ಆರಿಸಿ ಅಜ್ಜಿಯ ಶಾಲಿನೊಳಗೆ ತೂರಿಕೊಂಡಳು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಆಗಿನ್ನೂ ಯಾರ ಮನೆಗೂ ಟಿವಿ ಬಂದಿರಲಿಲ್ಲ. ಗುರುವಾರ ಸಂಜೆಯಾದರೆ ಸಾಕು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ರೇಡಿಯೋ ಸ್ಟೇಷನ್ನಿನಲ್ಲಿ ಪತ್ತೇದಾರಿ ನಾಟಕ ಆಡಿದ ಗಳಿಗೆಯಲ್ಲೇ ಅದು ಮನೆಮನೆಗೂ ಕೇಳುತ್ತಿತ್ತು.

ರೇಡಿಯೋದೊಳಗೆ ಬಾಗಿಲು ಕಿರ್ರ್ ಅಂತು. ಯಾರೋ ಮೆಲ್ಲಗೆ ಮೆಟ್ಟಿಲು ಹತ್ತಿದರು.

"ಕೊಲೆಗಾರ ಆ ಡಾಕ್ಟರೇ ಕಣೇ. ಬೇಕಾದ್ರೆ ಬೆಟ್ ಕಟ್ಟು."

"ಸುಮ್ನಿರಜ್ಜಿ, ಕೇಳಿಸ್ತಿಲ್ಲ."

ಅಷ್ಟರಲ್ಲಿ ರೇಡಿಯೋದಲ್ಲಿ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು. ಮೊದಲು ಬಿಕ್ಕಳಿಕೆಯಂಥ ಸಣ್ಣ ಸದ್ದು, ಆಮೇಲೆ ಉದ್ದನೆಯ ಕೂಗು. ಇಂಗಾ ಶಾಲಿನಿಂದ ತಲೆ ಹೊರಗೆ ಹಾಕಿದಳು. ಅಡುಗೆಮನೆಯಲ್ಲಿ ಇಲಿ ಕಂಡರೆ ಅಮ್ಮ ಕೂಗುವುದೇ ಹೀಗೆ.

"ಅಜ್ಜಿ, ಅದು ಅಮ್ಮ."

"ನಿನ್ನ ತಲೆ. ನಿಮ್ಮಮ್ಮ ಸ್ಟೇಷನ್ನಲ್ಲಿ ಟೈಪ್ ಮಾಡೋಳು, ನಾಟಕ ಆಡೋಳಲ್ಲ."

ಇಂಗಾಗೆ ಹೆದರಿಕೆ ಇನ್ನೂ ಜಾಸ್ತಿಯಾಯಿತು. ಅಮ್ಮ ನಾಟಕ ಆಡುವುದಿಲ್ಲ. ಹಾಗಾದರೆ ಆ ಕೂಗು ನಿಜವಾದದ್ದೇ. ಅಲ್ಲಿ ಯಾರೋ ಅಮ್ಮನ ಕತ್ತು ಹಿಸುಕುತ್ತಿದ್ದಾರೆ. ಊರಿಗೆ ಊರೇ ಅದನ್ನು ನಾಟಕ ಅಂದುಕೊಂಡು ಪಾಪ್‌ಕಾರ್ನ್ ತಿನ್ನುತ್ತಾ ಕೂತಿದೆ.

ಕೋಟು ಕೂಡ ಹಾಕಿಕೊಳ್ಳದೆ ಓಡಿದಳು. ಹಿಂದಿನಿಂದ ಅಜ್ಜಿ ಕೂಗುತ್ತಲೇ ಇದ್ದಳು. ಇಂಗಾ ಹಿಮದಲ್ಲಿ ಜಾರಿ ಬಿದ್ದಳು, ಎದ್ದಳು, ಪಕ್ಕದ ಬೀದಿಯ ಸ್ಟೇಷನ್ ಹೊಕ್ಕಳು. "ಏ ಮರಿ, ಎಲ್ಲಿಗೆ?" ಅಂದ ವಾಚ್‌ಮನ್ನಿನ ಕೈ ಕೆಳಗೇ ನುಸುಳಿದಳು.

ಗಾಜಿನ ಕೋಣೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದು ಉರಿಯುವಾಗ ಯಾರೂ ಪಿಟಕ್ಕೆನ್ನಬಾರದು, ಅಮ್ಮನೇ ಹೇಳಿದ್ದಳು. ಒಳಗೆ ಬೊಕ್ಕತಲೆಯ ಒಬ್ಬ ಕಾಗದ ನೋಡಿಕೊಂಡು ಡಾಕ್ಟರನ ಹಾಗೆ ಗುಡುಗುತ್ತಿದ್ದ. ಇನ್ನೊಬ್ಬ ಎರಡು ಬೂಟುಗಳನ್ನು ಕೈಯಲ್ಲಿ ಹಿಡಿದು, ಹೆಜ್ಜೆ ಸದ್ದು ಬರುವಂತೆ ಹಲಗೆಯ ಮೇಲೆ ನಡೆಸುತ್ತಿದ್ದ. ಮೈಕಿನ ಪಕ್ಕದಲ್ಲಿ ಅಮ್ಮ.

ಅಮ್ಮ ಅವಳನ್ನು ನೋಡಿದಳು. ತುಟಿಗೆ ಬೆರಳಿಟ್ಟಳು. ಆಮೇಲೆ ಕಣ್ಣು ಹೊಡೆದಳು.

ಇಂಗಾಗೆ ಹೋದ ಜೀವ ಬಂದ ಹಾಗಾಯಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಅತ್ತಳು.

ದೀಪ ಆರಿದ್ದೇ ತಡ, ಅಮ್ಮ ಓಡಿ ಬಂದು ತನ್ನ ಕೋಟು ಹೊದಿಸಿದಳು. "ಕಿರುಚೋ ಹುಡುಗಿಗೆ ಗಂಟಲು ಕಟ್ಟಿಬಿಡ್ತು ಕಣೆ. ಕೊನೇ ಗಳಿಗೇಲಿ ನನ್ನ ಎಳ್ಕೊಂಡು ಬಂದು ನಿಲ್ಲಿಸಿದ್ರು."

"ನೀನು ಸತ್ತೇ ಹೋದೆ ಅನ್ಕೊಂಡೆ."

"ಅಷ್ಟು ಚೆನ್ನಾಗಿತ್ತಾ?" ಅಮ್ಮ ನಕ್ಕಳು. ಮಗಳ ಮುಖ ನೋಡಿ ನಗು ನಿಲ್ಲಿಸಿ ಗಟ್ಟಿಯಾಗಿ ಅಪ್ಪಿಕೊಂಡಳು.

ಮನೆ ಬಾಗಿಲಲ್ಲೇ ಅಜ್ಜಿ ನಿಂತಿದ್ದಳು. "ನಿನ್ನ ಹಿಂದೆ ಬೀದಿವರೆಗೂ ಓಡಿ ನಾಟಕದ ಕೊನೇದನ್ನ ಕೇಳೋಕಾಗ್ಲಿಲ್ಲ. ಅದೂ ಅಲ್ದೆ ಇವತ್ತು ಸತ್ತೋಳಿಗೆ ಸರಿಯಾಗಿ ಕಿರುಚೋಕೂ ಬರ್ತಿರಲಿಲ್ಲ."

ಅಮ್ಮ, ಮಗಳು ಮುಖ ಮುಖ ನೋಡಿಕೊಂಡರು. ಕಿರುಚಿದ್ದು ಯಾರೆಂದು ಅಜ್ಜಿಗೆ ಹೇಳಲಿಲ್ಲ.

ಮುಂದಿನ ಗುರುವಾರ ರೇಡಿಯೋದಲ್ಲಿ ಬೇರೊಬ್ಬಳು ಕಿರುಚಿದಳು. ಇಂಗಾ ಅಜ್ಜಿಯ ಶಾಲನ್ನು ಬಿಗಿಯಾಗಿ ಹಿಡಿದುಕೊಂಡಳು. ಇನ್ನು ಸ್ವಲ್ಪ ಹೊತ್ತಿಗೆ ಆ ಹೆಂಗಸು ಟೋಪಿ ಹಾಕಿಕೊಂಡು ಮನೆಗೆ ಹೋಗುತ್ತಾಳೆ, ಬಿಸಿ ಸೂಪ್ ಕುಡಿಯುತ್ತಾಳೆ ಅಂದುಕೊಂಡಳು. "ಸೌಂಡ್ ಜಾಸ್ತಿ ಮಾಡಜ್ಜಿ," ಅಂದಳು.