ಸ್ವೆಟರ್ ಬಜಾರಿನ ಭಾನುವಾರ

ನಾಗಪುರದ ಕನ್ನಡಿಗರಿಗೆ ಒಂದು ದೊಡ್ಡ ಅನುಕೂಲವಿದೆ. ಎದುರಿಗಿದ್ದವರ ಬಗ್ಗೆ ಎದುರಿಗೇ ಮಾತಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಬ್ಯಾಂಕಿನ ಮಧುಸೂದನ ಆ ಡಿಸೆಂಬರಿನ ಸಂಜೆ ಇದೇ ಧೈರ್ಯದಲ್ಲಿ ಬಾಯಿಬಿಟ್ಟ.

ಪ್ರತಾಪ ನಗರದ ಮೈದಾನದಲ್ಲಿ ಟಿಬೆಟಿನ ನಿರಾಶ್ರಿತರು ಚಳಿಗಾಲದ ಸ್ವೆಟರ್ ಅಂಗಡಿಗಳನ್ನು ಹಾಕಿದ್ದರು. ಅವನ ತಂಗಿ ವಿಜಯಾ ನೀಲಿ ಸ್ವೆಟರೊಂದನ್ನು ಮೈಗೆ ಹಿಡಿದು ನೋಡುತ್ತಿದ್ದಳು.

"ಹಾಕ್ಕೊಂಡು ನೋಡಬ್ಯಾಡ," ಎಂದ ಮಧು. "ಊರೂರು ತಿರುಗೋ ಮಂದಿ. ಇವರಿಗೆ ಏಡ್ಸ್ ಅದ ಅಂತ ಕಾಲೊನಿ ತುಂಬಾ ಸುದ್ದಿ."

ಅಂಗಡಿಯ ಯಾಂಗ್ಚೆನ್ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ಅಣ್ಣಾರ, ನಾ ಹುಟ್ಟಿದ್ದು ಕರ್ನಾಟಕದ ಮುಂಡಗೋಡ ಕ್ಯಾಂಪಿನಾಗ. ನಿಮ್ಮ ಮಾತು ನನಗ ತಿಳೀತೈತ್ರಿ."

ಮಧುವಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟು ಸಾಲದೆಂಬಂತೆ, ಒಳಗೆ ಸ್ಟೂಲಿನ ಮೇಲೆ ಕೂತು ಪೋಸ್ಟರ್ ಸುತ್ತುತ್ತಿದ್ದ ಹುಡುಗಿಯೂ ತಲೆಯೆತ್ತಿದಳು. "ನಂಗೂ ತಿಳಿಯುತ್ತೆ. ನಮ್ಮದು ಮೈಸೂರು."

ದೊಡ್ಡ ದೊಡ್ಡ ಕಣ್ಣು. ಅದರಲ್ಲಿ ಕೋಪವಿತ್ತು. ಕೋಪದ ಹಿಂದೆ ಒಂಚೂರು ನಗುವೂ ಇತ್ತೇ? ಮನೆ ತಲುಪುವವರೆಗೂ ಮಧುವಿಗೆ ಅದೇ ಯೋಚನೆ.

ಅವಳು ಚಾರುಲತಾ, ಮದ್ದುಗುಂಡಿನ ಆರ್ಡ್‌ನನ್ಸ್ ಫ್ಯಾಕ್ಟರಿಯ ನೌಕರರೊಬ್ಬರ ಮಗಳು. ಏಡ್ಸ್ ತಡೆಯುವ ಸಂಸ್ಥೆಯೊಂದರಲ್ಲಿ ಕೆಲಸ. ಬೆಳಿಗ್ಗೆ ಕಳಮನಾ ಮಾರ್ಕೆಟ್ಟಿನ ಹಮಾಲರ ನಡುವೆ, ಸಂಜೆ ಈ ಮೈದಾನದಲ್ಲಿ.

ಮರುದಿನ ಮಧು ಕ್ಷಮೆ ಕೇಳಲು ಹೋದ. ಯಾಂಗ್ಚೆನ್ ಚಹಾ ಕೊಟ್ಟು ಕ್ಷಮಿಸಿಬಿಟ್ಟಳು. ಚಾರುಲತಾ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

"ನೀವು ಸಾರಿ ಅಂದ್ರೆ ಇವರಿಗೇನಾಗುತ್ತೆ? ಆ ಸುದ್ದಿ ನಂಬ್ಕೊಂಡು ಕಾಲೊನಿಯವರು ಅಂಗಡಿ ಎತ್ತಿಸ್ತೀವಿ ಅಂತಿದ್ದಾರೆ. ಭಾನುವಾರ ಎಲ್ಲರನ್ನೂ ಇಲ್ಲೇ ಕೂರಿಸಿ ಮಾತಾಡ್ತೀನಿ. ನೀವೂ ಬನ್ನಿ."

ಭಾನುವಾರದವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಮಧು ದಿನವೂ ಬ್ಯಾಂಕ್ ಮುಗಿಸಿ ಬಂದು ನಿಂತ. ಮರಾಠಿ ಟೆಂಪೊ ಡ್ರೈವರನ್ನೂ ಟಿಬೆಟಿನ ತರುಣನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಕಾಂಡೋಮ್ ಬಳಸುವ ಬಗೆಯನ್ನು ಅವಳು ಉಪ್ಪಿನಕಾಯಿ ಹಾಕುವುದನ್ನು ಹೇಳಿಕೊಟ್ಟಷ್ಟು ಸಲೀಸಾಗಿ ವಿವರಿಸುತ್ತಿದ್ದಳು. ಯಾರಾದರೂ ಪಿಸುದನಿಯಲ್ಲಿ ಅನುಮಾನ ಕೇಳಿದರೆ ನಗುತ್ತಿರಲಿಲ್ಲ, ಕಿವಿಗೊಟ್ಟು ಪೂರ್ತಿ ಕೇಳುತ್ತಿದ್ದಳು. ಎಷ್ಟು ಚೆಂದದ ಹುಡುಗಿ, ಎಷ್ಟು ಧೈರ್ಯದ ಹುಡುಗಿ! ಮಧು ಪೂರಾ ಸೋತುಹೋದ.

"ಮತ್ತೆ ಸ್ವೆಟರಾ?" ಅವಳು ಹುಬ್ಬೇರಿಸಿದಳು. "ಮೊನ್ನೆ ಲೇಡೀಸ್ ಸ್ವೆಟರ್ ತಗೊಂಡ್ರಲ್ಲ, ಅದು ಯಾರಿಗೆ?"

"ನಮ್ಮ ಅವ್ವಗ್ರಿ."

"ಗುಲಾಬಿ ಬಣ್ಣದ್ದು?"

"ಅವ್ವಗ ಗುಲಾಬಿ ಭಾಳ ಸೇರ್ತದ."

ಅವಳು ಮುಖ ತಿರುಗಿಸಿ ನಕ್ಕಳು. ಆ ನಗು ತನಗೇ ಎಂದು ಹೇಳಿಕೊಳ್ಳುವ ಹಕ್ಕು ಇನ್ನೂ ಬಂದಿಲ್ಲವೆಂದು ಮಧುವಿಗೆ ಗೊತ್ತಿತ್ತು.

ಭಾನುವಾರ ಕಾಲೊನಿಯವರು ಬಂದರು. ಮುಂದೆ ಕೂತವರು ಸಮಿತಿಯ ಅಧ್ಯಕ್ಷ, ಮಧುವಿನ ಅಪ್ಪನ ಹಳೆಯ ಗೆಳೆಯ ರುದ್ರಪ್ಪ ಕಾಕಾ. ಯಾಂಗ್ಚೆನ್ ತಂದಿಟ್ಟ ಚಹಾ ಯಾರೂ ಮುಟ್ಟಲಿಲ್ಲ. ಬಟ್ಟೆಯಿಂದ, ಲೋಟದಿಂದ, ಮುಟ್ಟುವುದರಿಂದ ಎಚ್‌ಐವಿ ಬರುವುದಿಲ್ಲವೆಂದು ಚಾರುಲತಾ ಬಿಡಿಸಿ ಬಿಡಿಸಿ ಹೇಳಿದಳು. ಹೇಗೆ ಬರುತ್ತದೆ, ಹೇಗೆ ತಡೆಯಬೇಕು ಎಂದೂ ಹೇಳಿದಳು. ಗಂಡಸರೆಲ್ಲ ತಮ್ಮ ಚಪ್ಪಲಿ ನೋಡುತ್ತ ಕೂತರು. ಅವಳ ದನಿ ಮೊದಲ ಸಲ ಸಣ್ಣಗಾಯಿತು.

ಆ ದನಿ ಮಧುವಿಗೆ ತಡೆಯಲಾಗಲಿಲ್ಲ. ಎದ್ದು, ಲೋಟ ಎತ್ತಿ ಒಂದೇ ಗುಟುಕಿಗೆ ಚಹಾ ಕುಡಿದ. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಗಟ್ಟಿಯಾಗಿ ಕೇಳಿದ: "ಮೇಡಮ್, ಮೆಡಿಕಲ್ ಅಂಗಡಿಯಲ್ಲಿ ಕಾಂಡೋಮ್ ಕೇಳಲು ನಮಗೆ ನಾಚಿಕೆ. ಏನು ಮಾಡಬೇಕು?"

ಮೈದಾನವೇ ನಕ್ಕಿತು. ಹಿಂದಿನಿಂದ ಒಬ್ಬ, "ಹೌದು, ಅದನ್ನ ಹೇಳಿ!" ಎಂದು ಕೂಗಿದ. ಇನ್ನೊಬ್ಬ ಬೇರೆ ಪ್ರಶ್ನೆ ಕೇಳಿದ. ಚಹಾದ ಲೋಟಗಳು ಒಂದೊಂದಾಗಿ ಮೇಲೆದ್ದವು.

"ಏನಲೇ ಮಧ್ಯಾ, ನಾಚಿಕಿ ಬಿಟ್ಟೇನು?" ರುದ್ರಪ್ಪ ಕಾಕಾ ಗುರುಗುಟ್ಟಿದರು. "ನಿಮ್ಮವ್ವಗ ಹೇಳ್ಲೇನು?"

"ಹೇಳ್ರಿ ಕಾಕಾ. ಇವರು ಒಪ್ಪಿದ್ರ ಇವರನ್ನ ಮದುವಿ ಆಗ್ತೀನಂತ, ಅದನ್ನೂ ಹೇಳಿಬಿಡ್ರಿ."

ಚಾರುಲತಾಳ ಕೈಯಿಂದ ಪೋಸ್ಟರ್ ಜಾರಿತು. ಎತ್ತಿಕೊಂಡಳು. ಕೆಂಪೇರಿದ ಮುಖದಲ್ಲೇ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ ಮುಗಿಸಿದಳು.

ಹೋಗುವಾಗ ಕಾಕಾ ಯಾಂಗ್ಚೆನ್‌ಗೆ, "ಸೀಸನ್ ಮುಗಿಯೂತನಕ ಅಂಗಡಿ ಇರ್ಲಿ," ಎಂದರು. ಜನ ಚದುರಿದ ಮೇಲೆ ಚಾರುಲತಾ ಮಧುವಿನ ಎದುರು ಬಂದು ನಿಂತಳು.

"ಕೆಲಸ ಬಿಡಲ್ಲ ನಾನು."

"ಬಿಡಬ್ಯಾಡ್ರಿ."

"ಇನ್ನೊಂದು. ಊರಿಗೆಲ್ಲ ಹೇಳೋಳು ನಾನೇ ಮಾಡದೇ ಇದ್ರೆ ಹೇಗೆ? ಮದುವೆಗೆ ಮೊದಲು ರಕ್ತ ಪರೀಕ್ಷೆ ಆಗ್ಬೇಕು. ಇಬ್ಬರಿಗೂ."

ಮಧು ಶರ್ಟಿನ ತೋಳು ಮಡಚಿ ಕೈ ಮುಂದೆ ಚಾಚಿದ. "ಈಗ ಬರ್ರಿ, ಹೋಗೋಣ."

"ಇವತ್ತು ಭಾನುವಾರ ಕಣ್ರೀ. ಆಸ್ಪತ್ರೇಲಿ ಯಾರಿರ್ತಾರೆ?" ನಗುತ್ತ ಅವಳು ಆ ತೋಳನ್ನು ಮೆಲ್ಲಗೆ ಕೆಳಗಿಳಿಸಿ ಗುಂಡಿ ಹಾಕಿದಳು. ಹಾಕಿದ ಮೇಲೂ ಕೈ ಬಿಡಲಿಲ್ಲ. "ನಾಳೆ ಒಟ್ಟಿಗೇ ಹೋಗೋಣ."